ಕೊಡದ ಕತ್ತಿನ ಕೆಂಪು ಪಟ್ಟಿ

ಆ ಚಿತ್ರ ನನ್ನ ಫೋನಿಗೆ ಬಂದಾಗ ನಾನು ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕಳಿಸಿದವಳು ನನ್ನ ಬಾಲ್ಯದ ಗೆಳತಿ. ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಹಿತ್ತಲ ಗೋಡೆಯಾಚೆ ಇದ್ದವಳು, ನರ್ಸ್ ಆಗಿ ನಿವೃತ್ತಳಾಗಿ ಈಗಲೂ ಆ ಊರಲ್ಲೇ ಇದ್ದಾಳೆ. ಅವಳ ತಮ್ಮ ಪಾದ್ರಿಯಾಗಿ ಉತ್ತರದ ಕಡೆಯ ಯಾವುದೋ ಕಾಡುಸೀಮೆಗೆ ಹೋದವನು, ಈಗ ಅಲ್ಲಿಗೇ ಬಿಷಪ್ ಆಗಿದ್ದಾನೆ ಎಂಬ ಸುದ್ದಿಯನ್ನು ಹಿಂದಿನ ವಾರವೇ ಹೇಳಿದ್ದಳು. ಚಿತ್ರದ ಬೆನ್ನಿಗೇ ಅವಳ ಫೋನು ಬಂತು.

"ನೋಡಿದ್ಯಾ? ಅದು ಅವನ ಲಾಂಛನ. ಪ್ರತಿ ಬಿಷಪ್‌ಗೂ ಅವರವರದ್ದೇ ಒಂದು ಇರುತ್ತೆ ಮಾರಾಯ್ತಿ. ಇಲ್ಲಿ ನಮ್ಮ ಚರ್ಚಲ್ಲಿ ಅವನಿಗೆ ಸನ್ಮಾನ ಇಟ್ಕೊಂಡಿದಾರೆ, ಒಂದು ಸಣ್ಣ ಪುಸ್ತಕಾನೂ ಮಾಡ್ತಾರೆ. ಲಾಂಛನದ ಅರ್ಥ ಇಂಗ್ಲಿಷಲ್ಲಿ ಬಂದಿದೆ. ನೀನು ಕನ್ನಡದಲ್ಲಿ ಬರ್ಕೊಡ್ಬೇಕು. ಓದಿದ್ರೆ ಕೇಳ್ಬೇಕು ಅನ್ನಿಸೋ ಹಂಗೆ."

ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮದುವೆ ಕರೆಯೋಲೆ, ಬೀಳ್ಕೊಡುಗೆಯ ಮಾನಪತ್ರ, ಶ್ರದ್ಧಾಂಜಲಿ ಎಂದು ಜನ ಏನಾದರೊಂದು ಬರೆಸಿಕೊಳ್ಳಲು ಬರುತ್ತಲೇ ಇರುತ್ತಾರೆ. ಖುಷಿಯಿಂದಲೇ ಒಪ್ಪಿದೆ. ಕೈ ತೊಳೆದು, ಕನ್ನಡಕ ಹಾಕಿಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ.

ಮೇಲೊಂದು ಅಗಲ ಅಂಚಿನ ಹಸಿರು ಟೋಪಿ. ಅದರ ಎರಡೂ ಬದಿಯಿಂದ ಹಸಿರು ಹುರಿಗಳು ಇಳಿದು, ಒಂದೊಂದು ಬದಿಗೂ ಆರಾರು ಕುಚ್ಚುಗಳಾಗಿ ಜೋತಿದ್ದವು. ಜೊತೆಗೆ ಬಂದ ವಿವರಣೆಯ ಪ್ರಕಾರ ಕುಚ್ಚು ಆರಿದ್ದರೆ ಬಿಷಪ್, ಹತ್ತಿದ್ದರೆ ಅವರಿಗಿಂತ ಮೇಲಿನವರು. ನಡುವೆ ಗುರಾಣಿಯ ಆಕಾರ, ಅದರ ಹಿಂದಿನಿಂದ ತಲೆಯೆತ್ತಿದ ಶಿಲುಬೆ. ಗುರಾಣಿಯ ಕೆಳಭಾಗದಲ್ಲಿ ನೀಲಿ ಅಲೆಗಳು: ಭದ್ರಾ ನದಿ. ಮೇಲೆ ಎಡಕ್ಕೆ ಬಿದಿರಿನ ಮೆಳೆ, ಗೆಳತಿಯ ಅಪ್ಪ ಕಾಗದದ ಕಾರ್ಖಾನೆಯ ಅಂಗಳದಲ್ಲಿ ಲಾರಿಯಿಂದ ಇಳಿಸುತ್ತಿದ್ದ ಬಿದಿರು. ಬಲಕ್ಕೆ ಒಂದು ಕೊಡ. ಕೆಳಗಿನ ಪಟ್ಟಿಯಲ್ಲಿ ಅವನು ಆರಿಸಿಕೊಂಡ ಧ್ಯೇಯವಾಕ್ಯ ಲ್ಯಾಟಿನ್ನಿನಲ್ಲಿತ್ತು; ಅದರ ಅರ್ಥ "ಕೊಟ್ಟವರ ನೆನಪಿನಲ್ಲಿ".

ಬೆಳ್ಳಿಬಣ್ಣದ ಆ ಕೊಡದ ಕತ್ತಿನ ಸುತ್ತ ಒಂದು ಕೆಂಪು ಪಟ್ಟಿಯಿತ್ತು. ಅದನ್ನು ಕಂಡ ಕೂಡಲೇ ಗುರುತು ಸಿಕ್ಕಿತು.

ಆ ಕೊಡ ನಮ್ಮ ಮನೆಯದು.

ನಮ್ಮಪ್ಪ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ನಮಗೆ ಕ್ವಾರ್ಟರ್ಸ್ ಇತ್ತು, ಹಿತ್ತಲಲ್ಲಿ ನಲ್ಲಿ ಇತ್ತು, ಸಿಮೆಂಟಿನ ತೊಟ್ಟಿ ಇತ್ತು. ಹಿತ್ತಲ ಗೋಡೆಯಾಚೆ ಗುತ್ತಿಗೆ ಕೆಲಸದವರ ತಗಡಿನ ಶೆಡ್ಡುಗಳಿದ್ದವು. ತಮಿಳುನಾಡಿನ ಕಡೆಯಿಂದ ಬಂದ ಹಲವು ಸಂಸಾರಗಳು ಅಲ್ಲಿದ್ದವು. ಗೆಳತಿಯ ಮನೆಯವರು ಅವಳ ಮುತ್ತಜ್ಜನ ಕಾಲಕ್ಕೇ ಕ್ರೈಸ್ತರಾದವರು. ಆದರೂ ನಮ್ಮ ಲೈನಿನವರೆಲ್ಲ ಅವರು ಅದಕ್ಕೆ ಮೊದಲು ಏನಾಗಿದ್ದರು ಎಂಬುದನ್ನೇ ಮಾತಾಡಿಕೊಳ್ಳುತ್ತಿದ್ದರು. ಶೆಡ್ಡಿನ ಕಡೆ ಇದ್ದದ್ದು ಒಂದೇ ಬೋರಿಂಗು, ಬೇಸಿಗೆಯಲ್ಲಿ ಅದರಲ್ಲಿ ಕೆಸರು ಬರುತ್ತಿತ್ತು. ನಮ್ಮಮ್ಮ ದಿನಾ ಬೆಳಿಗ್ಗೆ ಒಂದು ಅಲ್ಯೂಮಿನಿಯಂ ಕೊಡಕ್ಕೆ ನೀರು ತುಂಬಿ ಹಿತ್ತಲ ಗೋಡೆಯ ಮೇಲಿಡುತ್ತಿದ್ದಳು. ಗೆಳತಿ, ಅವಳ ತಮ್ಮ ಇಬ್ಬರೂ ಬಂದು ಎತ್ತಿಕೊಂಡು ಹೋಗಿ, ಖಾಲಿ ಮಾಡಿ ಅದೇ ಜಾಗಕ್ಕೆ ತಂದಿಡುತ್ತಿದ್ದರು.

ಪಟ್ಟಿ ಬಳಿದವಳೂ ಅಮ್ಮನೇ. ಗೇಟಿಗೆ ಹೊಡೆದು ಮಿಕ್ಕಿದ್ದ ಕೆಂಪು ಬಣ್ಣ ಡಬ್ಬಿಯ ತಳದಲ್ಲಿತ್ತು. ಕಡ್ಡಿಗೆ ಬಟ್ಟೆ ಸುತ್ತಿ ಅದ್ದಿ, ಕೊಡದ ಕತ್ತಿನ ಸುತ್ತ ಎಳೆದಳು. ಅದು ನಮ್ಮ ಕೊಡಗಳ ಜೊತೆ ಅಪ್ಪಿತಪ್ಪಿಯೂ ಸೇರಬಾರದೆಂದು. ನಮ್ಮ ಹಿತ್ತಾಳೆ ಕೊಡದಿಂದ ಅದಕ್ಕೆ ನೀರು ಸುರಿಯುವಾಗಲೂ ಒಂದಕ್ಕೊಂದು ತಾಗದ ಹಾಗೆ ಮೇಲಿನಿಂದ ಸುರಿಯುತ್ತಿದ್ದಳು. ಒಮ್ಮೆ ಮಳೆ ಬಂತೆಂದು ನಾನು ಆ ಕೊಡವನ್ನು ಒಳಗೆ ತಂದು ಒಲೆಯ ಪಕ್ಕ ಇಟ್ಟಿದ್ದೆ. ಅಮ್ಮ ಬೈಯಲಿಲ್ಲ. ಸೆರಗಿನಿಂದ ಹಿಡಿದು ಹೊರಗಿಟ್ಟು ಬಂದು, ಅಡುಗೆಮನೆಯನ್ನು ಮೊದಲಿನಿಂದ ತೊಳೆದಳು. ಆ ಹೊತ್ತಿಗೆ ಅಪ್ಪ ನಡುಮನೆಯಲ್ಲಿ ಕೂತು, ಎಂದಿನಂತೆ, ಕುಲವೆಂಬುದೇ ಇಲ್ಲ ಎಂದ ಶರಣರ ಮಾತುಗಳನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಅದೇ ಮಾತುಗಳನ್ನು ನಾನು ಮುಂದೆ ಇಡೀ ವೃತ್ತಿಜೀವನ ತರಗತಿಯಲ್ಲಿ ಕಲಿಸಿದೆ. ಒಂದು ದಿನವೂ ಆ ಕೊಡ ನೆನಪಿಗೆ ಬರಲಿಲ್ಲ.

ಈಗ ಅದು ಒಬ್ಬ ಬಿಷಪ್ಪನ ಗುರಾಣಿಯ ಮೇಲೆ ಕೂತಿತ್ತು. ಇಂಗ್ಲಿಷ್ ವಿವರಣೆ ಹೀಗೆ ಹೇಳುತ್ತಿತ್ತು: ಬಾಲ್ಯದಲ್ಲಿ ನೆರೆಮನೆಯ ತಾಯಿಯೊಬ್ಬರು ಕೊಟ್ಟ ನೀರಿನ ಗುರುತು ಈ ಕೊಡ, ಕೆಂಪು ಪಟ್ಟಿ ತನ್ನನ್ನೇ ಧಾರೆಯೆರೆಯುವ ಪ್ರೀತಿಯ ಸಂಕೇತ.

ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಎಂಬತ್ತು ದಾಟಿದೆ. ಬೆಳಗಿನ ಲಿಂಗಪೂಜೆ ಮುಗಿಸಿ ಜಗಲಿಯಲ್ಲಿ ಕೂತಿದ್ದವಳಿಗೆ ಚಿತ್ರ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಅಯ್ಯೋ, ಇದು ನಾವು ನೀರು ಕೊಡ್ತಿದ್ದ ಕೊಡ ಅಲ್ವೇನೇ! ಆ ಮಗು ಇಷ್ಟು ವರ್ಷ ನೆನಪಿಟ್ಕೊಂಡಿದೆ ನೋಡು." ಅವಳ ಕಣ್ಣು ತುಂಬಿತು.

"ಕತ್ತಿಗೆ ಕೆಂಪು ಪಟ್ಟಿ ಇದೆ ನೋಡಮ್ಮ," ಎಂದೆ.

"ಹೂಂ, ಚಂದ ಕಾಣ್ಲಿ ಅಂತ ಹಾಕಿರ್ತಾರೆ."

ನಾನು ಅವಳ ಮುಖವನ್ನೇ ನೋಡಿದೆ. ಮರೆತಿದ್ದಾಳೋ, ಮರೆತ ಹಾಗೆ ಇದ್ದಾಳೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಅವಳು ಆ ದಿನವೇ ಪಕ್ಕದ ಮನೆಯವರಿಗೆ, ಹಾಲಿನವನಿಗೆ, ಹೊಳಲೂರಿನ ನನ್ನ ಚಿಕ್ಕಮ್ಮನಿಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿದಳು. ಬಿಷಪ್‌ಗೆ ಹೊದಿಸಲು ಶಾಲು ಬೇಕೆಂದು ನನ್ನನ್ನು ಗಾಂಧಿ ಬಜಾರಿಗೆ ಎಳೆದುಕೊಂಡು ಹೋಗಿ, ಅಂಗಡಿಯವನ ಮುಂದೆಯೂ ಹೇಳಿಕೊಂಡಳು. "ನಮ್ಮನೆ ನೀರು ಕುಡಿದು ಬೆಳೆದವನು" ಎಂದಳು. ಅಂಗಡಿಯವನು ಕೈ ಮುಗಿದ. ನಾನು ಶಾಲಿನ ಅಂಚನ್ನು ನೋಡುತ್ತ ನಿಂತಿದ್ದೆ.

ಬರೆಯಲು ಕೂತೆ. ಟೋಪಿ, ಕುಚ್ಚು, ಶಿಲುಬೆ, ನದಿ, ಬಿದಿರು ಎಲ್ಲವೂ ಸರಾಗವಾಗಿ ಬಂದವು. ಕೊಡದ ಹತ್ತಿರ ಬಂದು ನಿಂತೆ. ಮರುದಿನವೂ ಅಲ್ಲೇ ನಿಂತೆ. ಕೊನೆಗೆ ಗೆಳತಿಯನ್ನು ಕಂಡು ಮಾತಾಡಿಯೇ ಬರೆಯೋಣವೆಂದು ಭದ್ರಾವತಿಯ ಬಸ್ಸು ಹತ್ತಿದೆ.

ಅವಳು ಮನೆಯಲ್ಲಿ ಒಬ್ಬಳೇ ಇದ್ದಳು. ಕಾಫಿ ಕೊಟ್ಟಳು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟು, ಸುತ್ತಿಬಳಸದೆ ಕೇಳಿದೆ.

"ಆ ಪಟ್ಟಿ ಯಾಕಿತ್ತು ಅಂತ ನಿನಗೆ ಗೊತ್ತಾ?"

"ಗೊತ್ತು," ಎಂದಳು. ಒಂದು ಕ್ಷಣವೂ ತಡೆಯಲಿಲ್ಲ. "ನಾನು ದೊಡ್ಡವಳಿದ್ನಲ್ಲ. ಗೋಡೆಯಾಚೆಯಿಂದ ಎಲ್ಲಾ ಕಾಣಿಸ್ತಿತ್ತು."

"ಅವನಿಗೆ?"

"ಅವನು ನಮ್ಮಮ್ಮನ್ನ ಕೇಳಿದ್ದ, ಇದಕ್ಕೆ ಯಾಕೆ ಬಣ್ಣ ಅಂತ. ಅಮ್ಮ ಏನಂದ್ರು ಗೊತ್ತಾ? ಅವರ ಮನೇಲಿ ಅಷ್ಟೊಂದು ಕೊಡ ಇದಾವೆ, ಇದು ನಮ್ಮದು ಅಂತ ಗೊತ್ತಾಗ್ಲಿ ಅಂತ ಹಾಕಿದಾರೆ ಅಂದ್ರು. ಅವನಿಗೆ ಕುಣಿಯೋ ಅಷ್ಟು ಖುಷಿ. ಆ ದೊಡ್ಡ ಮನೇಲಿ ನಮ್ಮದೂ ಒಂದು ಕೊಡ ಇದೆ ಅಂತ ಶೆಡ್ಡಲ್ಲೆಲ್ಲ ಹೇಳ್ಕೊಂಡು ಬಂದ." ಅವಳು ನನ್ನ ಲೋಟ ಎತ್ತಿಕೊಂಡು ಎದ್ದಳು. "ನಾನು ನಡುವೆ ಬಾಯಿ ಹಾಕೋಕೆ ಹೋದೆ. ಅಮ್ಮ ಕಣ್ಣಲ್ಲೇ ಸುಮ್ಮನಿರಿಸಿದ್ರು."

"ಅವನಿಗೆ ಹೇಳ್ಬಿಡ್ಲಾ? ಇದನ್ನ ನಾನು ಹೆಂಗೆ ಬರೀಲಿ?" ಎಂದೆ.

"ಬೇಡ." ಅವಳ ದನಿ ನರ್ಸಿನ ದನಿಯಾಯಿತು. "ನೀನು ಹೇಳಿದ್ರೆ ನಿನಗೆ ಹಗುರ ಆಗುತ್ತೆ, ಅವನಿಗೆ ಭಾರ ಆಗುತ್ತೆ. ಆಗಲೇ ಮುದ್ರೆ ಕೆತ್ತಿಸಿ ಆಗಿದೆ. ಮುದ್ರೇಲಿ ಬಣ್ಣ ಬರಲ್ಲ ಅಂತ ಕೆಂಪಿನ ಜಾಗಕ್ಕೆ ಉದ್ದುದ್ದ ಗೆರೆ ಹಾಕ್ತಾರಂತೆ, ಹಂಗೆ ಗೆರೆ ಹಾಕಿ ಕೆತ್ತಿದಾರೆ. ಇನ್ನು ಅದನ್ನ ಕೆರೆಯೋಕಾಗುತ್ತಾ? ಬರೆಯೋಕೆ ಆಗದಿದ್ರೆ ಬಿಡು, ನಮ್ಮ ಚರ್ಚಿನ ಫಾದರ್ ಬೇರೆ ಯಾರ ಹತ್ರಾನಾದ್ರೂ ಬರೆಸ್ತಾರೆ."

ಬೇರೆಯವರು ಬರೆಯುವುದು ನನಗೆ ಬೇಕಿರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ನನ್ನ ಕನ್ನಡದ ಬಗ್ಗೆ ನನಗೊಂದು ಅಭಿಮಾನವಿದೆ. ಮನೆಗೆ ಬಂದು ಬರೆದೆ: "ಕೊಡದ ಕೊರಳ ಸುತ್ತಿದ ಕೆಂಪು, ನೆರೆಯ ತಾಯಿಯೊಬ್ಬಳ ಮಮತೆ ತೊಡಿಸಿದ ಹಾರ." ಬರೆದು ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು. ಚೆನ್ನಾಗಿದೆ ಅನ್ನಿಸಿತಲ್ಲ ಎಂದು ಆಮೇಲೆ ಮೈಯೆಲ್ಲ ಹಿಡಿಯಾಯಿತು. ಆದರೂ ಕಳಿಸಿದೆ.

ಸನ್ಮಾನದ ದಿನ ಬಾಡಿಗೆ ಕಾರು ಮಾಡಿಕೊಂಡು ಅಮ್ಮನನ್ನು ಕರೆದುಕೊಂಡು ಹೋದೆ. ಚರ್ಚಿನ ಪೂಜೆ ಮುಗಿದು ಜನ ಪಕ್ಕದ ಸಭಾಂಗಣಕ್ಕೆ ಬರುತ್ತಿದ್ದರು. ಬಾಗಿಲ ಮೇಲೆ ಆ ಲಾಂಛನವನ್ನು ಫ್ಲೆಕ್ಸಿನಲ್ಲಿ ಮಾಡಿಸಿ ಕಟ್ಟಿದ್ದರು. ಕೊಡವೊಂದೇ ಆಳೆತ್ತರ ಇತ್ತು. ಅಮ್ಮ ಅದರ ಕೆಳಗೆ ನಿಂತು ಮೇಲೆ ನೋಡಿ ಕೈ ಮುಗಿದಳು.

ಮುಂದಿನ ಸಾಲಿನಲ್ಲಿ ನಮ್ಮನ್ನು ಕೂರಿಸಿದರು. ಗೆಳತಿ ನನ್ನ ಪಕ್ಕದಲ್ಲಿ ಕೂತಳು. ನಿರೂಪಣೆ ಮಾಡುತ್ತಿದ್ದ ಹುಡುಗಿ ಲಾಂಛನದ ಅರ್ಥವನ್ನು ಮೈಕಿನಲ್ಲಿ ಓದಿದಳು. ಹಾರದ ಸಾಲು ಬಂದಾಗ ಜನ ಚಪ್ಪಾಳೆ ತಟ್ಟಿದರು. ಅಂಥ ಕಡೆ ಚಪ್ಪಾಳೆ ಬರುವಂತೆಯೇ ನಾನು ಬರೆದಿದ್ದೆ. ಗೆಳತಿ ಮಾತ್ರ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಆಮೇಲೆ "ಆ ತಾಯಿ ಇಂದು ನಮ್ಮ ನಡುವೆಯೇ ಇದ್ದಾರೆ" ಎಂದು ಅಮ್ಮನನ್ನು ಕರೆದರು. ಬಿಷಪ್ ತಾವೇ ವೇದಿಕೆಯಿಂದ ಇಳಿದು ಬಂದರು. ತಲೆ ನರೆತಿತ್ತು, ನೇರಳೆ ಟೋಪಿ ಹಾಕಿದ್ದರು, ಎದೆಯ ಮೇಲೆ ಶಿಲುಬೆ ಇತ್ತು. ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಬಗ್ಗಿ ಕಾಲು ಮುಟ್ಟಿದರು. ಅಮ್ಮ ಶಾಲು ಹೊದಿಸಿದಳು. ಯಾರೋ ಅವಳ ಬಾಯಿಗೆ ಮೈಕು ಹಿಡಿದರು.

"ನಾವು ಯಾವತ್ತೂ ಬೇರೆ ಅಂತ ನೋಡ್ಲಿಲ್ಲ," ಎಂದಳು ಅಮ್ಮ. "ನಮ್ಮ ಮಕ್ಕಳ ಹಂಗೇ ಇವರೂ. ನಮ್ಮನೆ ಒಳಗೆ ಆಡ್ಕೊಂಡು, ಉಂಡ್ಕೊಂಡು ಬೆಳೆದವರು."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ನಿಲ್ಲಬೇಕಾಯಿತು. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಅದು ಹಾಗೆಯೇ ನೆನಪಿತ್ತು, ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಗೆಳತಿ ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡಳು. ಎಲ್ಲರೂ ಮತ್ತೆ ಕೂರುವವರೆಗೂ ಅವಳು ತಲೆ ಎತ್ತಲಿಲ್ಲ. ನಮ್ಮ ಮನೆಯ ಹೊಸ್ತಿಲನ್ನು ಅವಳು ಒಂದು ದಿನವೂ ದಾಟಿರಲಿಲ್ಲ.

ಊಟದ ಹೊತ್ತಿಗೆ ಅವಳು ಬಂದು ಅಮ್ಮನ ಹತ್ತಿರ ಮೆಲ್ಲಗೆ ಹೇಳಿದಳು. "ನಿಮಗೆ ಬೇರೆ ಅಡುಗೆ ಮಾಡಿಸಿದೀನಿ ಅಮ್ಮೋರೇ. ಪಾತ್ರೆನೂ ಬೇರೆನೇ, ಸಂಕೋಚ ಬೇಡ." ಅಮ್ಮ ಅವಳ ಕೆನ್ನೆ ಸವರಿ, "ನಿಂಗೆ ಎಷ್ಟು ತಿಳುವಳಿಕೆ ತಾಯಿ" ಎಂದಳು. ಗೆಳತಿಯ ಮುಖದಲ್ಲಿ ವ್ಯಂಗ್ಯವೇನೂ ಇರಲಿಲ್ಲ.

ಊಟವಾದ ಮೇಲೆ ಬಿಷಪ್ ನನ್ನ ಹತ್ತಿರ ಬಂದರು. "ಅಕ್ಕ, ಹಳೇ ಜಾಗ ಒಂದ್ಸಲ ನೋಡ್ಬೇಕು. ಬರ್ತೀರಾ? ಅಮ್ಮೋರು ಇಲ್ಲೇ ಸ್ವಲ್ಪ ಒರಗಿಕೊಳ್ಲಿ." ಚಿಕ್ಕಂದಿನಲ್ಲಿ ನಾನು ಅವನನ್ನು ಏನೋ, ಬಾರೋ ಎನ್ನುತ್ತಿದ್ದೆ. ಈಗ ಏನೆಂದು ಕರೆಯಬೇಕೋ ತಿಳಿಯದೆ, ಸುಮ್ಮನೆ ಕಾರು ಹತ್ತಿದೆ.

ಕಾರ್ಖಾನೆ ನಿಂತು ವರ್ಷಗಳಾಗಿವೆ. ಬೇಯುತ್ತಿದ್ದ ಬಿದಿರಿನ ಆ ಹುಳಿ ವಾಸನೆ ಇಲ್ಲದ ಕಾಗದನಗರ ನನಗೆ ಬೇರೆ ಊರಿನಂತೆ ಕಂಡಿತು. ನಮ್ಮ ಲೈನಿನ ಮನೆಗಳಿಗೆ ಬೀಗ ಬಿದ್ದಿತ್ತು. ಕಿಟಕಿಗಳವರೆಗೆ ಹುಲ್ಲು ಬೆಳೆದಿತ್ತು. ಶೆಡ್ಡುಗಳ ಗುರುತೇ ಇರಲಿಲ್ಲ. ಹಿತ್ತಲ ಗೋಡೆ ಮಾತ್ರ ಇತ್ತು. ನನ್ನ ನೆನಪಿನಲ್ಲಿದ್ದದ್ದಕ್ಕಿಂತ ಬಹಳ ಕುಳ್ಳಗಿತ್ತು. ಅವರು ಬಿಳಿ ನಿಲುವಂಗಿಯನ್ನು ಎತ್ತಿ ಹಿಡಿದು, ಮುಳ್ಳು ತುಳಿಯುತ್ತ ಗೋಡೆಯ ಆಚೆ ಬದಿಗೆ ಹೋಗಿ ನಿಂತರು. ನಾನು ಈಚೆ ಉಳಿದೆ.

"ನೀವು ಬರ್ದಿದ್ದು ತುಂಬ ಚೆನ್ನಾಗಿತ್ತು ಅಕ್ಕ. ಹಾರ ಅಂದ್ರಲ್ಲ."

ನಾನು ಗೋಡೆಯ ಪಾಚಿಯನ್ನು ನೋಡುತ್ತಿದ್ದೆ.

"ಆ ಕೊಡ ನಿಮ್ಮನೆ ಒಳಗೆ ಬರ್ತಿರ್ಲಿಲ್ಲ, ಅಲ್ವಾ?" ಎಂದರು. ಕೇಳಿದ ರೀತಿ, ಹಳೆಯ ದಾರಿಯೊಂದನ್ನು ಸರಿಯಾಗಿ ನೆನಪು ಮಾಡಿಕೊಳ್ಳುವವರ ಹಾಗಿತ್ತು.

"ಇಲ್ಲ," ಎಂದೆ. ಮತ್ತೆ ತಡೆಯಲಾಗಲಿಲ್ಲ. "ಅದಕ್ಕೇ ಪಟ್ಟಿ. ನಿಮಗೆ ಗೊತ್ತಿತ್ತಾ? ಯಾವಾಗಿಂದ?"

"ನಾನಿರೋ ಕಡೆ ಒಂದು ಟೀ ಅಂಗಡಿ ಇತ್ತು. ನನ್ನ ಜೊತೆ ಬಂದಿದ್ದ ಉಪದೇಶಿ, ಹಳ್ಳೀಲಿ ಧರ್ಮಪಾಠ ಹೇಳಿಕೊಡೋ ಅಲ್ಲಿಯವನೇ, ಅವನಿಗೆ ಬೇರೆ ಲೋಟದಲ್ಲಿ ಕೊಟ್ರು. ಆ ಲೋಟದ ತಳಕ್ಕೆ ಬಣ್ಣ ಹಚ್ಚಿತ್ತು. ನೋಡ್ತಾ ಕೂತಿದ್ದಾಗ ಈ ಗೋಡೆ ನೆನಪಾಯ್ತು. ನಮ್ಮಮ್ಮ ಹೇಳಿದ್ದ ಕಥೇನೂ ನೆನಪಾಯ್ತು. ಟೀ ಕುಡಿಯೋಕಾಗ್ಲಿಲ್ಲ."

"ಗೊತ್ತಿದ್ದೂ ಯಾಕೆ ಹಾಕಿಸಿದ್ರಿ?"

ಅವರು ಗೋಡೆಯ ಮೇಲೆ ಅಂಗೈ ಊರಿದರು. "ಚಿತ್ರ ಬರೆದವರು ಬರೀ ಕೊಡ ಮಾಡಿದ್ರು. ಪಟ್ಟಿ ನಾನೇ ಕೇಳಿ ಹಾಕಿಸಿದೆ. ನೀರು ಕುಡಿದಿದ್ದು ನಿಜ ಅಕ್ಕ. ಎಂಥಾ ಬೇಸಿಗೇಲೂ ಅಮ್ಮೋರು ತಪ್ಪಿಸ್ಲಿಲ್ಲ. ಬೇರೆ ಯಾವ ಮನೆಯವರೂ ಅಷ್ಟೂ ಕೊಡ್ಲಿಲ್ಲ. ಪಟ್ಟಿನೂ ನಿಜ. ಅದನ್ನ ಅಳಿಸಿ ಕೊಡ ಮಾತ್ರ ಇಟ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ."

"ಮತ್ತೆ ಆ ಇಂಗ್ಲಿಷ್ ವಿವರಣೆ?"

"ಅದು ನಮ್ಮ ಆಫೀಸಿನ ಫಾದರ್ ಬರ್ದಿದ್ದು. ಕೆಂಪು ಅಂದ್ರೆ ಪ್ರೀತಿ, ತ್ಯಾಗ ಅಂತ ಎಲ್ಲಾ ಕಡೆ ಬರೆಯೋದು. ಅವರು ಕೇಳಿದ್ರು, ಸರೀನಾ ಅಂತ. ನಾನು ತಿದ್ದಲಿಲ್ಲ. ಹೇಳೋಕೆ ನಾಚಿಕೆ ಆಯ್ತು."

"ನಿಮಗ್ಯಾಕೆ ನಾಚಿಕೆ? ಮಾಡಿದ್ದು ನಾವು."

"ಗೊತ್ತಿಲ್ಲ ಅಕ್ಕ. ಆದ್ರೂ ಆಗುತ್ತೆ."

ಅವರ ಕಣ್ಣು ಕೆಳಗಿತ್ತು. ಇಷ್ಟು ದಿನ ನಾಚಿಕೆಯೆಲ್ಲ ನನ್ನೊಬ್ಬಳದೇ ಎಂಬಂತೆ ಹೊತ್ತುಕೊಂಡು ತಿರುಗಿದ್ದೆ. ಗೋಡೆಯಾಚೆಯವರು ಅದನ್ನು ನನಗಿಂತ ಮೊದಲಿನಿಂದ, ತಪ್ಪೇ ಇಲ್ಲದೆ ಹೊತ್ತಿದ್ದರು ಎಂಬುದು ನನಗೆ ಹೊಳೆದೇ ಇರಲಿಲ್ಲ. ಕ್ಷಮಿಸಿ ಎನ್ನಬೇಕೆಂದುಕೊಂಡೆ. ಅವರ ಮುಖ ನೋಡಿದರೆ ಆ ಮಾತು ಬಹಳ ಸಣ್ಣದೆನಿಸಿತು. ಅದರ ಬದಲು, "ಅದನ್ನ ತಿದ್ದಿ ಬೇರೆ ಬರ್ಕೊಡ್ಲಾ?" ಎಂದೆ.

"ಬರ್ಕೊಡಿ. ಆತುರ ಏನಿಲ್ಲ," ಎಂದರು.

ಆ ಎರಡು ಸಾಲು ಬರೆಯಲು ನನಗೆ ಬಹಳ ದಿನ ಹಿಡಿಯಿತು. ಪ್ರತಿ ಸಲವೂ ಮಾತು ತಾನಾಗಿ ಅಲಂಕಾರ ಮಾಡಿಕೊಂಡು ಬರುತ್ತಿತ್ತು, ಪ್ರತಿ ಸಲವೂ ಹೊಡೆದುಹಾಕುತ್ತಿದ್ದೆ. ಕೊನೆಗೆ ಉಳಿದದ್ದು ಇಷ್ಟು: "ಈ ಕೊಡಕ್ಕೆ ಕೆಂಪು ಪಟ್ಟಿ ಬಳಿದದ್ದು ಅದು ಮನೆಯ ಕೊಡಗಳ ಜೊತೆ ಸೇರದಿರಲಿ ಎಂದು. ಅದರಲ್ಲಿ ತುಂಬಿದ್ದು ಮನೆಯವರು ಕುಡಿಯುವ ನೀರನ್ನೇ." ಅವರು ಅದನ್ನು ಅಲ್ಲಿಯ ಭಾಷೆಗೆ ಮಾಡಿಸಿ, ತಮ್ಮ ಕಚೇರಿಯಲ್ಲಿ ಲಾಂಛನದ ಕೆಳಗೆ ಹಾಕಿಸಿದ್ದಾರಂತೆ. ಗೆಳತಿ ಹೇಳಿದಳು. ಭದ್ರಾವತಿಯಲ್ಲಿ ಅಂದು ಹಂಚಿದ ಪುಸ್ತಕಗಳಲ್ಲಿ ನನ್ನ ಹಾರದ ಸಾಲು ಹಾಗೆಯೇ ಇದೆ. ಎಷ್ಟೋ ಮನೆಗಳಲ್ಲಿ ಇರಬೇಕು. ಅದನ್ನು ಓದಿದ ಕೆಲವರು ಇಂದಿಗೂ ಸಿಕ್ಕಾಗ ಹೊಗಳುತ್ತಾರೆ.

ಸನ್ಮಾನದ ದಿನ ಸಂಜೆ ನಾವು ಶಿವಮೊಗ್ಗಕ್ಕೆ ಹೊರಟಾಗ ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಒರಗಿ ಕೂತಿದ್ದಳು. ದಣಿದಿದ್ದಳು, ಆದರೆ ನಿದ್ದೆ ಬಂದಿರಲಿಲ್ಲ. ಊರು ದಾಟಿದ ಮೇಲೆ ಕೇಳಿದಳು.

"ಅವನ ಅಮ್ಮನ ಹೆಸರು ಏನಿತ್ತೇ? ಸ್ಟೇಜ್ ಮೇಲೆ ಹೇಳೋಣ ಅಂತ ಎಷ್ಟು ಯೋಚನೆ ಮಾಡಿದ್ರೂ ಬಾಯಿಗೆ ಬರ್ಲಿಲ್ಲ."

ನಾನೂ ಯೋಚಿಸಿದೆ. ತಲೆಯ ಮೇಲೆ ಸೌದೆ ಹೊರೆ ಇಟ್ಟುಕೊಂಡು ಗೋಡೆಯ ಪಕ್ಕ ಹಾದುಹೋಗುತ್ತಿದ್ದ ಆಕೆಯ ನಡಿಗೆ ನೆನಪಿತ್ತು, ಮೂಗುತಿ ನೆನಪಿತ್ತು.

"ನಮಗೆ ಗೊತ್ತೇ ಇರ್ಲಿಲ್ಲ ಅಮ್ಮ. ಶೆಡ್ಡಿನವಳು ಅಂತಿದ್ವಿ."

ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಳು. ಕೈ ಮಡಿಲಲ್ಲಿ ಒಂದರ ಮೇಲೊಂದು ಇತ್ತು. ಹಾಗೇ ಕೂತು, "ಫೋನ್ ಮಾಡಿ ಕೇಳು" ಎಂದಳು.

"ಈಗಲಾ?"

"ಈಗಲೇ."

ಗೆಳತಿ ಫೋನು ಎತ್ತಿದಳು. ಹಿಂದೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನಿಮ್ಮಮ್ಮನ ಹೆಸರೇನೆಂದು ಅಮ್ಮ ಕೇಳುತ್ತಿದ್ದಾಳೆ ಎಂದು ಹೇಳಿ ಸ್ಪೀಕರ್ ಹಾಕಿದೆ. ಆ ಕಡೆ ನಲ್ಲಿ ನಿಂತಿತು. ಆಮೇಲೆ ಹೆಸರು ಹೇಳಿದಳು. ಉದ್ದನೆಯ ಹೆಸರು, ಅರ್ಧ ತಮಿಳು, ಅರ್ಧ ಅವರ ಸಂತರೊಬ್ಬರದು.

ಅಮ್ಮ ಅದನ್ನು ಹೇಳಲು ನೋಡಿದಳು. ನಡುವೆ ನಾಲಿಗೆ ತೊಡರಿತು.

"ಅಲ್ಲ ಅಮ್ಮೋರೇ," ಎಂದು ಗೆಳತಿ ನಿಧಾನವಾಗಿ ಬಿಡಿಸಿ ಹೇಳಿದಳು.

"ಇನ್ನೊಂದ್ಸಲ ಹೇಳಮ್ಮ," ಎಂದಳು ಅಮ್ಮ.

ಅವಳು ಮತ್ತೆ ಹೇಳಿದಳು.